ಪಹಣಿಯಲ್ಲಿ ಅಜ್ಜನ ಹೆಸರು ಬಂದದ್ದು ಹೇಗೆ: ಸಂವಿಧಾನ ತಿದ್ದುಪಡಿಯ ಕತೆ, ಸಾಗರದ ಕಡೆಯಿಂದ

ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮ ಕಡೆ ರಾತ್ರಿ ಹತ್ತಾದರೂ ಜಗಲಿಯ ದೀಪ ಆರುವುದಿಲ್ಲ. ಈಗ ಸುಲಿಯುವ ಮೆಷಿನ್ ಬಂದಿದೆ, ಆದರೂ ನಮ್ಮ ಮನೆಯಲ್ಲಿ ಇನ್ನೂ ಏಳೆಂಟು ಜನ ಮೆಟ್ಟುಗತ್ತಿ ಮುಂದೆ ಕೂತೇ ಸುಲಿಯುತ್ತಾರೆ. ಹೋದ ವರ್ಷ ಹಾಗೇ ಕೂತಿದ್ದಾಗ ದೊಡ್ಡಪ್ಪ ಕೇಳಿದರು: "ಅಲ್ಲ ಮಾರಾಯ, ಸಂವಿಧಾನ ಬದಲಾಯಿಸ್ತಾರೆ ಅಂತ ದಿನಾ ಟೀವಿಯಲ್ಲಿ ಹೇಳ್ತಾರಲ್ಲ, ಅದನ್ನ ಹಾಗೆಲ್ಲ ಬದಲಾಯಿಸೋಕೆ ಬರುತ್ತಾ?"

"ಈಗಾಗಲೇ 106 ಸಲ ತಿದ್ದಿದ್ದಾರೆ ದೊಡ್ಡಪ್ಪ" ಅಂದೆ.

ಅವರ ಕೈ ನಿಂತಿತು. "ನೂರಾ ಆರು ಸಲ ತಿದ್ದಿದ ಮೇಲೆ ಅದು ಅದೇ ಪುಸ್ತಕ ಹ್ಯಾಗಾಗ್ತದೆ?"

ತುಂಬ ಒಳ್ಳೆಯ ಪ್ರಶ್ನೆ ಇದು. ದೆಹಲಿಯ ದೊಡ್ಡ ದೊಡ್ಡ ನ್ಯಾಯಮೂರ್ತಿಗಳೂ ವರ್ಷಗಟ್ಟಲೆ ಕಿತ್ತಾಡಿದ್ದು ಇದೇ ಪ್ರಶ್ನೆಗೆ. ಅವತ್ತು ಅಡಿಕೆಯ ಮಧ್ಯೆ ಪೂರ್ತಿ ಹೇಳಲು ಆಗಲಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿರುವ ಹಳೇ ಕಾಗದಗಳನ್ನೇ ಹಿಡಿದು ಹೇಳುತ್ತೇನೆ, ಯಾಕೆಂದರೆ ಸಂವಿಧಾನ ತಿದ್ದುಪಡಿಯ ಮೊದಲ ಮೂವತ್ತು ವರ್ಷದ ಜಗಳ ಜಾಸ್ತಿ ನಡೆದದ್ದು ಜಮೀನಿನ ಮೇಲೆ. ಜಮೀನು ಅಂದಮೇಲೆ ಮಲೆನಾಡು ಅದರಿಂದ ಹೊರಗಿರಲು ಸಾಧ್ಯವೇ ಇರಲಿಲ್ಲ.

ಮೊದಲು ಪುಸ್ತಕವನ್ನೇ ನೋಡೋಣ. ಸಂವಿಧಾನವನ್ನು 1949ರ ನವೆಂಬರ್ 26ರಂದು ಒಪ್ಪಿಕೊಂಡರು, 1950ರ ಜನವರಿ 26ರಿಂದ ಜಾರಿಗೆ ಬಂತು. ಆಗ ಅದರಲ್ಲಿ 395 ವಿಧಿಗಳು, 8 ಅನುಸೂಚಿಗಳು, ಅಂದರೆ ಕೊನೆಯಲ್ಲಿ ಸೇರಿಸಿದ ಪಟ್ಟಿಗಳು. ಈಗ ಅನುಸೂಚಿ 12 ಆಗಿದೆ. ವಿಧಿಗಳ ಸಂಖ್ಯೆ ಮಾತ್ರ ಇವತ್ತಿಗೂ 395ಕ್ಕೇ ಮುಗಿಯುತ್ತದೆ. ಹೊಸದು ಸೇರಿದಾಗ ಹಿಂದಿನ ನಂಬರ್ ಕೆಡಬಾರದು ಅಂತ ಮಧ್ಯೆ 21ಎ, 31ಬಿ, 48ಎ, 300ಎ ಅಂತ ಅಕ್ಷರ ಸೇರಿಸಿಕೊಂಡು ಹೋಗಿದ್ದಾರೆ. ಸರ್ವೆ ನಂಬರ್ ಪೋಡಿಯಾಗಿ ಭಾಗವಾದಾಗ 45/1, 45/2 ಅಂತ ಆಗುತ್ತದಲ್ಲ, ಹೆಚ್ಚುಕಡಿಮೆ ಹಾಗೇ. ಅಂಗಡಿಯಲ್ಲಿ ಸಿಗುವ ಸಂವಿಧಾನದ ಪುಸ್ತಕ ತೆಗೆದು 19ನೇ ವಿಧಿ ನೋಡಿ. (ಎ)ಯಿಂದ (ಇ)ವರೆಗಿನ ಸಾಲು ಮುಗಿದ ಮೇಲೆ ಆರನೆಯ ಸಾಲು ಇರಬೇಕಾದ ಜಾಗದಲ್ಲಿ ಬರೀ ನಕ್ಷತ್ರದ ಗುರುತುಗಳಿವೆ. ಕೆಳಗೆ ಅಡಿಟಿಪ್ಪಣಿಯಲ್ಲಿ, 44ನೇ ತಿದ್ದುಪಡಿಯಿಂದ ಇದನ್ನು ತೆಗೆಯಲಾಗಿದೆ ಅಂತ ಇರುತ್ತದೆ. ಅಲ್ಲಿದ್ದ ಸಾಲು ಆಸ್ತಿಯ ಹಕ್ಕು. ಆ ನಕ್ಷತ್ರಗಳ ಹಿಂದೆ ಮೂವತ್ತು ವರ್ಷದ ಹೋರಾಟವಿದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ತಿದ್ದುವುದು ಹೇಗೆ? ಅದಕ್ಕೆ ಇರುವುದು 368ನೇ ವಿಧಿ. ಲೋಕಸಭೆ ಮತ್ತು ರಾಜ್ಯಸಭೆ ಎರಡರಲ್ಲೂ ಮಸೂದೆ ಬೇರೆ ಬೇರೆಯಾಗಿ ಪಾಸಾಗಬೇಕು. ಪ್ರತಿ ಸದನದಲ್ಲೂ ಎರಡು ಲೆಕ್ಕ ಒಟ್ಟಿಗೆ ಹೊಂದಬೇಕು. ಒಂದು, ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಒಪ್ಪಬೇಕು. ಇನ್ನೊಂದು, ಅವತ್ತು ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಒಪ್ಪಬೇಕು. ಲೋಕಸಭೆಯಲ್ಲಿ 543 ಜನ ಅಂದುಕೊಳ್ಳಿ. 300 ಜನ ಮಾತ್ರ ಮತ ಹಾಕಿದರೆ ಮೂರನೇ ಎರಡು ಅಂದರೆ 200. ಆದರೆ ಅದು ಸಾಲದು, ಯಾಕೆಂದರೆ 543ರ ಅರ್ಧ ದಾಟಲು 272 ಬೇಕೇ ಬೇಕು. ಎಲ್ಲಾ 543 ಜನ ಮತ ಹಾಕಿದರೆ ಆಗ 362 ಬೇಕು. ಬಜೆಟ್ಟೋ ಮತ್ತೊಂದು ಸಾಮಾನ್ಯ ಕಾನೂನೋ ಪಾಸು ಮಾಡುವಷ್ಟು ಸುಲಭ ಅಲ್ಲ ಇದು. ಎರಡು ಸದನಗಳಿಗೆ ಜಗಳ ಬಂದರೆ ಜಂಟಿ ಅಧಿವೇಶನ ಕರೆದು ಮುಗಿಸಿಕೊಳ್ಳೋಣ ಅನ್ನುವ ದಾರಿಯೂ ಇಲ್ಲಿಲ್ಲ. ರಾಜ್ಯಸಭೆ ಬೇಡ ಅಂದರೆ ಅಲ್ಲಿಗೆ ಮುಗಿಯಿತು.

ಕೆಲವು ವಿಷಯಗಳಿಗೆ ಇಷ್ಟೂ ಸಾಲದು. ಕೇಂದ್ರ ಮತ್ತು ರಾಜ್ಯಗಳ ನಡುವೆ ಅಧಿಕಾರ ಹಂಚಿರುವ ಪಟ್ಟಿ, ರಾಷ್ಟ್ರಪತಿ ಚುನಾವಣೆ, ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್‌ಗಳು, ಸಂಸತ್ತಿನಲ್ಲಿ ರಾಜ್ಯಗಳ ಪ್ರಾತಿನಿಧ್ಯ, ಆಮೇಲೆ 368ನೇ ವಿಧಿಯೇ, ಇವನ್ನು ಮುಟ್ಟಬೇಕಾದರೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸಕಾಂಗಗಳೂ ಒಪ್ಪಿಗೆ ಕೊಡಬೇಕು.

ಇದು ಸುಮ್ನೆ ಕಾಗದದ ಮೇಲಿನ ನಿಯಮ ಅಂದುಕೊಳ್ಳಬೇಡಿ. ನಮ್ಮೂರಿನ ಸೊಸೈಟಿಗೇ ತಟ್ಟಿದ ಉದಾಹರಣೆ ಇದೆ. 2011ರಲ್ಲಿ ಸಂಸತ್ತು 97ನೇ ತಿದ್ದುಪಡಿ ಪಾಸು ಮಾಡಿತು. ಸಹಕಾರ ಸಂಘಗಳ ಆಡಳಿತ ಮಂಡಳಿಯಲ್ಲಿ ಎಷ್ಟು ಜನ ನಿರ್ದೇಶಕರಿರಬೇಕು, ಅವಧಿ ಎಷ್ಟು, ಚುನಾವಣೆ, ಆಡಿಟ್ ಹೇಗೆ ಅಂತೆಲ್ಲ ಒಂದು ಹೊಸ ಭಾಗವನ್ನೇ ಸಂವಿಧಾನಕ್ಕೆ ಸೇರಿಸಿದರು. ಅಡಿಕೆ ಮಾರುವುದು, ಬೆಳೆಸಾಲ ತೆಗೆಯುವುದು, ಗೊಬ್ಬರ ತರುವುದು ಎಲ್ಲವೂ ಸೊಸೈಟಿಯ ಮೂಲಕವೇ ಆಗುವ ನಮ್ಮಂಥ ಕಡೆ ಇದು ಸಣ್ಣ ವಿಷಯ ಅಲ್ಲ. ಆದರೆ ಸಹಕಾರ ಸಂಘ ರಾಜ್ಯ ಪಟ್ಟಿಯಲ್ಲಿರುವ, ಅಂದರೆ ರಾಜ್ಯ ಕಾನೂನು ಮಾಡಬೇಕಾದ ವಿಷಯ. ಹಾಗಿದ್ದೂ ರಾಜ್ಯಗಳ ಒಪ್ಪಿಗೆ ತೆಗೆದುಕೊಂಡಿರಲಿಲ್ಲ. 2021ರಲ್ಲಿ ಸುಪ್ರೀಂ ಕೋರ್ಟ್, ರಾಜ್ಯದೊಳಗಿನ ಸಹಕಾರ ಸಂಘಗಳ ಮಟ್ಟಿಗೆ ಆ ಭಾಗ ನಡೆಯುವುದಿಲ್ಲ ಅಂತ ಹೇಳಿತು. ಒಳಗೆ ಬರೆದದ್ದು ಸರಿಯೋ ತಪ್ಪೋ ಅನ್ನುವ ಪ್ರಶ್ನೆಗೇ ಹೋಗಬೇಕಾಗಲಿಲ್ಲ. ಕೇಳಬೇಕಾದವರನ್ನು ಕೇಳಿಲ್ಲ, ಅಷ್ಟೇ.

ಇನ್ನೊಂದು ಕಡೆ, ಕೆಲವು ಬದಲಾವಣೆಗಳಿಗೆ ಈ ಯಾವ ಕಷ್ಟವೂ ಇಲ್ಲ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕ ಆಯಿತಲ್ಲ, ಅದಕ್ಕೆ ಸಂಸತ್ತಿನ ಸಾಮಾನ್ಯ ಕಾನೂನೇ ಸಾಕಾಯಿತು. ಸಂವಿಧಾನದ ಮೊದಲ ಅನುಸೂಚಿಯಲ್ಲಿ ಹೆಸರು ಬದಲಾಯಿತು, ಆದರೆ ಅದು ತಿದ್ದುಪಡಿಯ ಲೆಕ್ಕಕ್ಕೆ ಸೇರುವುದಿಲ್ಲ. ಹಾಗಾಗಿ 106 ಅನ್ನುವ ಸಂಖ್ಯೆ ನೋಡಿ ಹೆದರಬೇಕಾಗಿಲ್ಲ, ಅದರಿಂದ ಪೂರ್ತಿ ಚಿತ್ರವೂ ಸಿಗುವುದಿಲ್ಲ. ಎರಡು ಶಬ್ದ ಬದಲಿಸಿದ ತಿದ್ದುಪಡಿಯೂ ಒಂದೇ, ಐವತ್ತಕ್ಕೂ ಹೆಚ್ಚು ಕಡೆ ಕೈ ಹಾಕಿದ ತಿದ್ದುಪಡಿಯೂ ಒಂದೇ.

ಈಗ ಪೆಟ್ಟಿಗೆ ತೆಗೆಯೋಣ.

ನಮ್ಮ ಅಜ್ಜ ಗೇಣಿದಾರ. ಉತ್ತವನು ಅವನು, ಭೂಮಿ ಒಡೆಯರದ್ದು. ಸುಗ್ಗಿ ಆದಮೇಲೆ ಕಣದಲ್ಲಿ ಭತ್ತ ಅಳೆದು ಗೇಣಿ ಕೊಟ್ಟು ಉಳಿದದ್ದನ್ನು ಮನೆಗೆ ತರಬೇಕು. ಅಳೆಯುವುದು ಕೊಳಗದಲ್ಲಿ. ಒಡೆಯರ ಮನೆಯ ಕೊಳಗ ಸರ್ಕಾರದ ಅಳತೆಗಿಂತ ದೊಡ್ಡದು ಅನ್ನುವುದೇ ನಮ್ಮ ಸೀಮೆಯ ರೈತರ ದೊಡ್ಡ ನೋವು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಆ ನೋವು ಸತ್ಯಾಗ್ರಹವಾಯಿತು. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಬಂದರು, ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೇ ಬಂದು ಸಾಗರದಲ್ಲಿ ಬಂಧನಕ್ಕೊಳಗಾದರು. ಇಷ್ಟು ನಮ್ಮ ಕಡೆ ಎಲ್ಲರಿಗೂ ಗೊತ್ತು.

ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು ಏನಂದರೆ, ಅದೇ ಜೂನ್ ತಿಂಗಳಲ್ಲಿ, 1951ರ ಜೂನ್ 18ರಂದು, ದೆಹಲಿಯಲ್ಲಿ ಸಂವಿಧಾನದ ಮೊದಲ ತಿದ್ದುಪಡಿ ಜಾರಿಗೆ ಬಂತು. ಅದರ ಮುಖ್ಯ ವಿಷಯವೂ ಭೂಮಿಯೇ. ಬಿಹಾರ ಸರ್ಕಾರ ಜಮೀನ್ದಾರಿ ರದ್ದು ಮಾಡುವ ಕಾನೂನು ತಂದಿತ್ತು. ಜಮೀನ್ದಾರರು ಕೋರ್ಟಿಗೆ ಹೋದರು, ಪಟ್ನಾ ಹೈಕೋರ್ಟ್ ಆ ಕಾನೂನನ್ನು ರದ್ದು ಮಾಡಿತು. ಆಸ್ತಿ ಆಗ ಮೂಲಭೂತ ಹಕ್ಕು, ಸಮಾನತೆಯೂ ಮೂಲಭೂತ ಹಕ್ಕು. ಸಂವಿಧಾನ ಹುಟ್ಟಿ ಒಂದೂವರೆ ವರ್ಷವೂ ಆಗಿರಲಿಲ್ಲ, ಅಷ್ಟರಲ್ಲಿ ಉಳುವವನಿಗೆ ಭೂಮಿ ಕೊಡುತ್ತೇವೆ ಅಂದ ಮಾತಿಗೂ ಆಸ್ತಿ ಕಾಪಾಡುತ್ತೇವೆ ಅಂದ ಮಾತಿಗೂ ಒಂದಕ್ಕೊಂದು ತಾಳೆಯಾಗದ ಸ್ಥಿತಿ ಬಂತು.

ನೆಹರೂ ಸರ್ಕಾರ ಮಾಡಿದ್ದು ಹೀಗೆ. 31ಎ, 31ಬಿ ಅಂತ ಎರಡು ಹೊಸ ವಿಧಿ ಸೇರಿಸಿತು, ಜೊತೆಗೆ ಒಂಬತ್ತನೇ ಅನುಸೂಚಿ ಅಂತ ಒಂದು ಹೊಸ ಪಟ್ಟಿ. ಈ ಪಟ್ಟಿಯಲ್ಲಿ ಹೆಸರು ಬರೆದ ಕಾನೂನನ್ನು ಮೂಲಭೂತ ಹಕ್ಕಿಗೆ ವಿರುದ್ಧ ಅಂತ ಹೇಳಿ ಕೋರ್ಟ್ ರದ್ದು ಮಾಡುವ ಹಾಗಿಲ್ಲ. ಮೊದಲು ಅದರಲ್ಲಿ ಇದ್ದದ್ದು 13 ಕಾನೂನು. ಆಮೇಲೆ ಅದು 284ರವರೆಗೆ ಬೆಳೆಯಿತು. ನಮ್ಮ ಮೈಸೂರು ಭೂಸುಧಾರಣಾ ಕಾಯ್ದೆ, 1961, ಆ ಪಟ್ಟಿಗೆ ಸೇರಿದ್ದು 1964ರಲ್ಲಿ, 17ನೇ ತಿದ್ದುಪಡಿಯಿಂದ.

ಅದೇ ಮೊದಲ ತಿದ್ದುಪಡಿಯಲ್ಲಿ ಇನ್ನೆರಡು ಕೆಲಸ ಆದವು. ಶಿಕ್ಷಣದಲ್ಲಿ ಹಿಂದುಳಿದವರಿಗೆ ಮೀಸಲು ಕೊಡಲು ದಾರಿ ಮಾಡುವ 15(4) ಬಂತು, ಮದ್ರಾಸಿನ ಚಂಪಕಂ ದೊರೈರಾಜನ್ ಮೊಕದ್ದಮೆಯಲ್ಲಿ ಕೋರ್ಟ್ ಅಲ್ಲಿನ ಮೀಸಲಾತಿ ಆದೇಶವನ್ನು ತಳ್ಳಿಹಾಕಿದ್ದಕ್ಕೆ ಉತ್ತರವಾಗಿ. ಮಾತಿನ ಸ್ವಾತಂತ್ರ್ಯದ ಮೇಲೆ ಸರ್ಕಾರ ಹೇರಬಹುದಾದ ನಿರ್ಬಂಧಗಳೂ ಹೆಚ್ಚಾದವು. ನನ್ನ ಅಭಿಪ್ರಾಯದಲ್ಲಿ ಮೊದಲ ಎರಡು ಬೇಕಿದ್ದವು, ಮೂರನೆಯದರ ಬಗ್ಗೆ ಇವತ್ತಿಗೂ ನನಗೆ ಸಮಾಧಾನವಿಲ್ಲ. ಒಂದೇ ತಿದ್ದುಪಡಿಯಲ್ಲಿ ನಾವು ಒಪ್ಪುವುದು, ಒಪ್ಪದಿರುವುದು ಎರಡೂ ಇರುತ್ತದೆ. ಇಡೀ ತಿದ್ದುಪಡಿಯನ್ನೇ ಹೊಗಳುವವರು, ಇಡೀ ತಿದ್ದುಪಡಿಯನ್ನೇ ಬೈಯುವವರು ಇಬ್ಬರೂ ಅದನ್ನು ಪೂರ್ತಿ ಓದಿರುವುದಿಲ್ಲ.

ಪೆಟ್ಟಿಗೆಯಲ್ಲಿ ಎರಡು ಕಾಗದ ಒಂದರ ಮೇಲೊಂದು ಮಡಚಿಟ್ಟಿವೆ. ಒಂದು ಹಳೇ ಪಹಣಿ. ಕಾಲಂ 9ರಲ್ಲಿ, ಮಾಲೀಕರ ಜಾಗದಲ್ಲಿ ಒಡೆಯರ ಹೆಸರು. ಕಾಲಂ 12ರಲ್ಲಿ, ಸಾಗುವಳಿ ಮಾಡುವವರ ಜಾಗದಲ್ಲಿ ಅಜ್ಜನ ಹೆಸರು. ಶ್ಯಾನುಭೋಗರ ನೀಲಿ ಶಾಯಿ, ಮಡಿಕೆಯಲ್ಲಿ ಹರಿದು ಹಿಂದಿನಿಂದ ಅಂಟು ಹಚ್ಚಿದ್ದಾರೆ. ಇನ್ನೊಂದು ಕೆಲವು ವರ್ಷ ಆಮೇಲಿನದು. ಅದರಲ್ಲಿ ಅಜ್ಜನ ಹೆಸರು ಕಾಲಂ 12ರಿಂದ ಕಾಲಂ 9ಕ್ಕೆ ಬಂದಿದೆ. ಅಳೆದು ನೋಡಿದರೆ ಒಂದು ಗೇಣೂ ಇಲ್ಲ. ಆ ಒಂದು ಗೇಣು ದಾಟಲು ನಮ್ಮ ಮನೆಯವರಿಗೆ ಎಷ್ಟು ತಲೆಮಾರು ಬೇಕಾಯಿತೋ.

ಈ ಎರಡು ಕಾಗದದ ಮಧ್ಯೆ ನಡೆದದ್ದು ದೇವರಾಜ ಅರಸರ ಕಾಲದ ಭೂಸುಧಾರಣೆ. ಗೇಣಿ ಜಮೀನೆಲ್ಲ 1974ರ ಮಾರ್ಚ್ 1ರಿಂದ ಸರ್ಕಾರಕ್ಕೆ ಸೇರಿತು, ಉಳುವವರು ಫಾರಂ 7ರಲ್ಲಿ ಅರ್ಜಿ ಹಾಕಬೇಕಾಯಿತು. ನಮ್ಮ ಕಡೆ ಅದಕ್ಕೆ ಡಿಕ್ಲರೇಷನ್ ಹಾಕುವುದು ಅನ್ನುತ್ತಿದ್ದರು, ಈಗಲೂ ಹಿರಿಯರು ಹಾಗೇ ಹೇಳುತ್ತಾರೆ. ಭೂ ನ್ಯಾಯಮಂಡಳಿಯ ಮುಂದೆ ಆಗ ವಕೀಲರು ವಾದಿಸುವ ಹಾಗಿರಲಿಲ್ಲ, ರೈತನೇ ನಿಂತು ಹೇಳಬೇಕು. ಅಕ್ಷರ ಬಾರದ ಅಜ್ಜ ಅಲ್ಲಿ ನಿಂತು ಯಾವ ಗದ್ದೆಯ ಯಾವ ಬದು ಎಲ್ಲಿದೆ ಅಂತ ಹೇಳಿದ್ದನ್ನು ದೊಡ್ಡಪ್ಪ ಇವತ್ತಿಗೂ ನೆನೆಸಿಕೊಳ್ಳುತ್ತಾರೆ. ಎಲ್ಲರಿಗೂ ಇದು ಸಂತೋಷದ ಕತೆ ಆಗಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಎರಡು ಎಕರೆ ಗೇಣಿಗೆ ಕೊಟ್ಟು ಅದರಲ್ಲೇ ಬದುಕುತ್ತಿದ್ದ ಒಂಟಿ ಹೆಂಗಸರು, ಸಣ್ಣ ಹಿಡುವಳಿಯವರೂ ಭೂಮಿ ಕಳೆದುಕೊಂಡರು. ಆ ಮನೆಗಳ ನೋವೂ ಸುಳ್ಳಲ್ಲ.

ಈಗ ದೊಡ್ಡಪ್ಪನ ಪ್ರಶ್ನೆಗೆ ಹತ್ತಿರ ಬಂದೆವು. ಸಂಸತ್ತು ತಿದ್ದುತ್ತಾ ಹೋದರೆ ಎಲ್ಲಿ ನಿಲ್ಲಬೇಕು?

1951ರಲ್ಲಿ ಸುಪ್ರೀಂ ಕೋರ್ಟ್, ಸಂಸತ್ತು ಯಾವ ವಿಧಿಯನ್ನಾದರೂ ತಿದ್ದಬಹುದು ಅಂತ ಹೇಳಿತು. 1967ರಲ್ಲಿ ಗೋಲಕನಾಥ್ ಮೊಕದ್ದಮೆಯಲ್ಲಿ ಅದೇ ಕೋರ್ಟ್, 11 ನ್ಯಾಯಮೂರ್ತಿಗಳಲ್ಲಿ 6 ಜನ ಒಂದು ಕಡೆ, 5 ಜನ ಇನ್ನೊಂದು ಕಡೆ ಆಗಿ, ಮೂಲಭೂತ ಹಕ್ಕನ್ನು ಮುಟ್ಟುವ ಹಾಗಿಲ್ಲ ಅಂತ ಹೇಳಿತು. ಇಂದಿರಾ ಗಾಂಧಿ ಸರ್ಕಾರ ಬಿಡಲಿಲ್ಲ. 1971ರಲ್ಲಿ 24ನೇ ತಿದ್ದುಪಡಿ ತಂದು, ನಾವು ಏನನ್ನಾದರೂ ತಿದ್ದಬಹುದು, ತಿದ್ದಿದ್ದಕ್ಕೆ ರಾಷ್ಟ್ರಪತಿ ಸಹಿ ಹಾಕಲೇಬೇಕು ಅಂತ ಸಂವಿಧಾನದಲ್ಲೇ ಬರೆಯಿತು. ಹಗ್ಗ ಎರಡೂ ಕಡೆ ಬಿಗಿಯಾಯಿತು.

ಅದು ತೀರ್ಮಾನ ಆದದ್ದು ಒಬ್ಬ ಕನ್ನಡದ ಸ್ವಾಮೀಜಿಯ ಮೊಕದ್ದಮೆಯಿಂದ. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ. ಎಡನೀರು ಕಾಸರಗೋಡಿನ ಹತ್ತಿರ, ಯಕ್ಷಗಾನಕ್ಕೂ ಸಂಗೀತಕ್ಕೂ ಹೆಸರಾದ ಮಠ. 1956ರಲ್ಲಿ ರಾಜ್ಯಗಳನ್ನು ಭಾಷೆಯ ಆಧಾರದ ಮೇಲೆ ಹೊಸದಾಗಿ ಮಾಡಿದಾಗ ಕಾಸರಗೋಡು ಕೇರಳಕ್ಕೆ ಹೋಯಿತು, ಅದಕ್ಕೆ ತಕ್ಕಂತೆ ಸಂವಿಧಾನಕ್ಕೂ 7ನೇ ತಿದ್ದುಪಡಿ ಆಯಿತು. ಹಾಗಾಗಿ ಮಠದ ಭೂಮಿಗೆ ಕೇರಳದ ಭೂಸುಧಾರಣಾ ಕಾನೂನು ತಗುಲಿತು. 1970ರಲ್ಲಿ ಸ್ವಾಮೀಜಿ ಸುಪ್ರೀಂ ಕೋರ್ಟಿಗೆ ಹೋದರು. ವಕೀಲ ನಾನಿ ಪಾಲ್ಖಿವಾಲಾ ಸ್ವಾಮೀಜಿಯ ಪರ ವಾದ ಮಾಡಿದರು. 13 ನ್ಯಾಯಮೂರ್ತಿಗಳು ಕೂತು 68 ದಿನ ಕೇಳಿದರು. ನಮ್ಮ ದೇಶದಲ್ಲಿ ಇಷ್ಟು ದೊಡ್ಡ ಪೀಠ ಮತ್ತೆ ಕೂತಿಲ್ಲ. ತೀರ್ಪು ಬಂದದ್ದು 1973ರ ಏಪ್ರಿಲ್ 24ಕ್ಕೆ, 7 ಜನ ಒಂದು ಕಡೆ, 6 ಜನ ಇನ್ನೊಂದು ಕಡೆ.

ತೀರ್ಪಿನ ಸಾರ ಇಷ್ಟು. ಸಂಸತ್ತು ಯಾವ ವಿಧಿಯನ್ನಾದರೂ ತಿದ್ದಬಹುದು, ಮೂಲಭೂತ ಹಕ್ಕನ್ನೂ ತಿದ್ದಬಹುದು. ಆದರೆ ತಿದ್ದುವ ನೆಪದಲ್ಲಿ ಸಂವಿಧಾನದ ಮೂಲ ರಚನೆಯನ್ನೇ ಕೆಡಿಸುವ ಹಾಗಿಲ್ಲ. ತಿದ್ದುಪಡಿ ಅನ್ನುವ ಶಬ್ದದ ಒಳಗೇ ತಿದ್ದಿಸಿಕೊಳ್ಳುವ ವಸ್ತು ಉಳಿಯಬೇಕು ಅನ್ನುವ ಅರ್ಥ ಇದೆಯಲ್ಲ, ಹಿಡಿದದ್ದು ಅದನ್ನೇ. ಮೂಲ ರಚನೆ ಅಂದರೆ ಯಾವುದು ಅಂತ ಪಟ್ಟಿ ಮಾಡಿ ಗೋಡೆಗೆ ಅಂಟಿಸಿಲ್ಲ. ಸಂವಿಧಾನವೇ ಎಲ್ಲಕ್ಕಿಂತ ಮೇಲು ಅನ್ನುವುದು, ಪ್ರಜಾಪ್ರಭುತ್ವ, ಜಾತ್ಯತೀತತೆ, ಕೇಂದ್ರ ಮತ್ತು ರಾಜ್ಯಗಳ ಒಕ್ಕೂಟ, ಅಧಿಕಾರ ಒಂದೇ ಕೈಯಲ್ಲಿ ಸೇರದಿರುವುದು, ಸರ್ಕಾರ ಮಾಡಿದ್ದನ್ನು ಕೋರ್ಟ್ ಪರಿಶೀಲಿಸುವ ಅಧಿಕಾರ, ಹೀಗೆ ಒಂದೊಂದೇ ತೀರ್ಪಿನಲ್ಲಿ ಅದು ಬೆಳೆಯುತ್ತಾ ಬಂದಿದೆ. ಚುನಾಯಿತರಲ್ಲದ ನ್ಯಾಯಮೂರ್ತಿಗಳು ಇದನ್ನು ತೀರ್ಮಾನ ಮಾಡುವುದು ಸರಿಯಾ ಅನ್ನುವ ತಕರಾರು ಇವತ್ತಿಗೂ ಇದೆ, ಅದರಲ್ಲಿ ಹುರುಳೂ ಇದೆ. ಆದರೂ ಮುಂದಿನ ಮೂರೇ ವರ್ಷದಲ್ಲಿ ನಡೆದದ್ದನ್ನು ನೋಡಿದರೆ, ಈ ಬೇಲಿ ಇದ್ದದ್ದು ಒಳ್ಳೆಯದಾಯಿತು ಅಂತಲೇ ನನಗನ್ನಿಸುತ್ತದೆ.

ಸ್ವಾಮೀಜಿಗೆ ಭೂಮಿ ಮಾತ್ರ ವಾಪಸ್ ಸಿಗಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡಾಗ ದೇಶವೆಲ್ಲ ನೆನೆದದ್ದು ಆ ಮೊಕದ್ದಮೆಯನ್ನೇ.

ಆ ತೀರ್ಪಾಗಿ ಮೂರು ವರ್ಷದ ಮೇಲೆ ಬಂದದ್ದು 42ನೇ ತಿದ್ದುಪಡಿ. 1976, ತುರ್ತು ಪರಿಸ್ಥಿತಿ. ವಿರೋಧ ಪಕ್ಷದ ನಾಯಕರು ಜೈಲಿನಲ್ಲಿದ್ದಾಗ ಪಾಸಾದದ್ದು. ಪೀಠಿಕೆಗೆ ಸಮಾಜವಾದಿ, ಜಾತ್ಯತೀತ ಅನ್ನುವ ಶಬ್ದ ಸೇರಿದ್ದು, ಮೂಲಭೂತ ಕರ್ತವ್ಯಗಳು ಬಂದದ್ದು, ಲೋಕಸಭೆಯ ಅವಧಿ 5ರಿಂದ 6 ವರ್ಷ ಆದದ್ದು, ಸಂವಿಧಾನ ತಿದ್ದುಪಡಿಯನ್ನು ಯಾವ ಕೋರ್ಟಿನಲ್ಲೂ ಪ್ರಶ್ನಿಸುವ ಹಾಗಿಲ್ಲ ಅಂತ ಬರೆದದ್ದು, ಎಲ್ಲ ಇದರಲ್ಲೇ. ಈ ಕೊನೆಯದನ್ನು 1980ರಲ್ಲಿ ಮಿನರ್ವಾ ಮಿಲ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕಿತ್ತುಹಾಕಿತು, ಎಡನೀರು ಸ್ವಾಮೀಜಿಯ ತೀರ್ಪನ್ನೇ ಹಿಡಿದು.

ಆದರೆ ಮಲೆನಾಡಿನವರು ಈ ತಿದ್ದುಪಡಿಯಲ್ಲಿ ಓದಲೇಬೇಕಾದ ಸಾಲು ಬೇರೆ ಇದೆ. ಅದರ ಬಗ್ಗೆ ಟೀವಿಯಲ್ಲಿ ಯಾರೂ ಮಾತಾಡುವುದಿಲ್ಲ. ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿ ಇದೆ. ಕೇಂದ್ರ ಮಾತ್ರ ಕಾನೂನು ಮಾಡಬಹುದಾದ ವಿಷಯಗಳು, ರಾಜ್ಯ ಮಾಡಬಹುದಾದವು, ಇಬ್ಬರೂ ಮಾಡಬಹುದಾದ ಸಮವರ್ತಿ ಪಟ್ಟಿ. ಸಮವರ್ತಿ ಪಟ್ಟಿಯಲ್ಲಿ ಇಬ್ಬರ ಕಾನೂನಿಗೂ ಜಗಳ ಬಂದರೆ ಸಾಮಾನ್ಯವಾಗಿ ಕೇಂದ್ರದ್ದೇ ಗೆಲ್ಲುತ್ತದೆ. 42ನೇ ತಿದ್ದುಪಡಿ ಐದು ವಿಷಯಗಳನ್ನು ರಾಜ್ಯ ಪಟ್ಟಿಯಿಂದ ತೆಗೆದು ಸಮವರ್ತಿ ಪಟ್ಟಿಗೆ ಹಾಕಿತು. ಶಿಕ್ಷಣ, ಅರಣ್ಯ, ಕಾಡುಪ್ರಾಣಿ ಮತ್ತು ಪಕ್ಷಿಗಳ ರಕ್ಷಣೆ, ನ್ಯಾಯಾಡಳಿತ, ತೂಕ ಮತ್ತು ಅಳತೆ. ಹೌದು, ತೂಕ ಮತ್ತು ಅಳತೆ. ಕಾಗೋಡಿನಲ್ಲಿ ಜನ ಜೈಲಿಗೆ ಹೋದ ಆ ಕೊಳಗದ ವಿಷಯವೂ ಅವತ್ತು ಪಟ್ಟಿ ಬದಲಾಯಿಸಿತು.

ಅರಣ್ಯ ಅನ್ನುವ ಒಂದು ಶಬ್ದ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹೋದದ್ದರಿಂದ ಏನಾಯಿತು ನೋಡಿ. 1980ರಲ್ಲಿ ಕೇಂದ್ರ ಅರಣ್ಯ ಸಂರಕ್ಷಣಾ ಕಾಯ್ದೆ ತಂದಿತು. ಅರಣ್ಯ ಭೂಮಿಯನ್ನು ಬೇರೆ ಯಾವ ಕೆಲಸಕ್ಕೆ ಕೊಡಬೇಕಾದರೂ ರಾಜ್ಯ ಸರ್ಕಾರ ಮೊದಲು ಕೇಂದ್ರದ ಒಪ್ಪಿಗೆ ತೆಗೆದುಕೊಳ್ಳಬೇಕು ಅಂತಾಯಿತು. ಕಾಡು ಉಳಿದದ್ದರಲ್ಲಿ ಆ ಕಾಯ್ದೆಯ ಪಾಲು ದೊಡ್ಡದು, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಶರಾವತಿ ಮುಳುಗಡೆಯವರ ಕತೆ ನೆನಪಿಸಿಕೊಳ್ಳಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಾಡಿಗೆ ಕರೆಂಟು ಕೊಡಲು ಮನೆ, ಗದ್ದೆ, ತೋಟ, ದೇವಸ್ಥಾನ ಎಲ್ಲ ನೀರಿಗೆ ಬಿಟ್ಟು ಬಂದವರನ್ನು ಕಾಡಿನ ಜಾಗದಲ್ಲಿ ತಂದು ಕೂರಿಸಿದರು. ಅವರು ಅಲ್ಲಿ ಗದ್ದೆ ಮಾಡಿದರು, ಮಕ್ಕಳ ಮದುವೆ ಮಾಡಿದರು. ಹಕ್ಕುಪತ್ರ ಮಾತ್ರ ಸರಿಯಾಗಿ ಆಗಲಿಲ್ಲ. ಆಗಬೇಕಾದ ಹೊತ್ತಿನಲ್ಲಿ ಆಗದೆ ಉಳಿದು, ಆಮೇಲೆ ಕಾನೂನು ಬದಲಾಯಿತು. ರಾಜ್ಯ ಸರ್ಕಾರ ಆ ಜಮೀನನ್ನು ಡಿನೋಟಿಫೈ ಮಾಡಿದ, ಅಂದರೆ ಅರಣ್ಯದ ಲೆಕ್ಕದಿಂದ ತೆಗೆದ ಆದೇಶಗಳು ಕೇಂದ್ರದ ಒಪ್ಪಿಗೆ ಇಲ್ಲ ಅನ್ನುವ ಕಾರಣಕ್ಕೆ 2021ರಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋದವು. ನಮ್ಮ ಅತ್ತಿಗೆಯ ತವರು ಮನೆಯವರು ಮುಳುಗಡೆಯವರೇ. ಅವರ ಮನೆಯ ಪೆಟ್ಟಿಗೆಯಲ್ಲೂ ಕಾಗದ ಇದೆ. ಎಲ್ಲ ಅರ್ಜಿಗಳು, ಅರ್ಜಿ ಕೊಟ್ಟ ರಸೀದಿಗಳು.

1977ರಲ್ಲಿ ಸರ್ಕಾರ ಬದಲಾಯಿತು. ಜನತಾ ಸರ್ಕಾರ 43 ಮತ್ತು 44ನೇ ತಿದ್ದುಪಡಿ ತಂದು 42ನೆಯದು ಮಾಡಿದ್ದರಲ್ಲಿ ಬಹಳಷ್ಟನ್ನು ರಿಪೇರಿ ಮಾಡಿತು. ಲೋಕಸಭೆಯ ಅವಧಿ ಮತ್ತೆ 5 ವರ್ಷ ಆಯಿತು. ಒಳಗಿನ ಗಲಭೆ ಅನ್ನುವ ಸಡಿಲ ಕಾರಣಕ್ಕೆ ತುರ್ತು ಪರಿಸ್ಥಿತಿ ಹೇರುವ ಹಾಗಿಲ್ಲ, ಸಶಸ್ತ್ರ ದಂಗೆಯೇ ಆಗಿರಬೇಕು ಅಂತಾಯಿತು. ಹಾಗೇ ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕಿನಿಂದ ತೆಗೆದು 300ಎ ಅಂತ ಬೇರೆ ಕಡೆ ಇಟ್ಟರು. ಕಾನೂನಿನ ಅಧಿಕಾರ ಇಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವ ಹಾಗಿಲ್ಲ ಅನ್ನುವುದಷ್ಟೇ ಈಗ ಉಳಿದಿದೆ. 19ನೇ ವಿಧಿಯ ಆ ನಕ್ಷತ್ರಗಳು ಬಂದದ್ದು ಇಲ್ಲಿಂದ. ಅರಣ್ಯ ಮತ್ತು ಶಿಕ್ಷಣ ಮಾತ್ರ ರಾಜ್ಯ ಪಟ್ಟಿಗೆ ವಾಪಸ್ ಬರಲಿಲ್ಲ. ಒಮ್ಮೆ ಮೇಲೆ ಹೋದ ಅಧಿಕಾರ ಸರ್ಕಾರ ಬದಲಾದರೂ ಕೆಳಗಿಳಿಯುವುದು ಅಪರೂಪ.

ಅಪರೂಪ ಅಂದೆ, ಯಾಕೆಂದರೆ ಕೆಳಗೆ ಇಳಿದ ಒಂದು ದೊಡ್ಡ ಉದಾಹರಣೆ ಇದೆ. 73ನೇ ತಿದ್ದುಪಡಿ, ಗ್ರಾಮ ಪಂಚಾಯಿತಿಯದ್ದು. ಜಾರಿಗೆ ಬಂದ ದಿನ 1993ರ ಏಪ್ರಿಲ್ 24, ಕೇಶವಾನಂದ ತೀರ್ಪು ಬಂದು ಸರಿಯಾಗಿ ಇಪ್ಪತ್ತು ವರ್ಷ. ಇದರಲ್ಲಿ ಕರ್ನಾಟಕ ಹೆಮ್ಮೆಪಡುವ ವಿಷಯ ಇದೆ. ಅಬ್ದುಲ್ ನಜೀರ್ ಸಾಬ್ ಅವರು ಮಂತ್ರಿಯಾಗಿದ್ದಾಗ, ದೆಹಲಿಗಿಂತ ಮೊದಲೇ, 1987ರಲ್ಲಿ ನಮ್ಮಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಚುನಾವಣೆ ಆಗಿ ಹೆಂಗಸರಿಗೆ ಶೇ 25 ಸ್ಥಾನ ಇಟ್ಟಿದ್ದರು. ಊರೂರಿಗೆ ಬೋರ್‌ವೆಲ್ ಹಾಕಿಸಿ ನೀರ್ ಸಾಬ್ ಅನ್ನಿಸಿಕೊಂಡವರು ಅವರೇ. ರಾಜ್ಯ ಮಾಡಿದ ಕಾನೂನನ್ನು ಮುಂದಿನ ಸರ್ಕಾರ ಬದಲಿಸಬಹುದು. ಸಂವಿಧಾನದಲ್ಲಿ ಬರೆದಿಟ್ಟರೆ ಅಷ್ಟು ಸುಲಭಕ್ಕೆ ಆಗುವುದಿಲ್ಲ, 73ನೆಯದರ ಬೆಲೆ ಅಲ್ಲಿದೆ. ಐದು ವರ್ಷಕ್ಕೊಮ್ಮೆ ಚುನಾವಣೆ, ಅದಕ್ಕೆ ಪ್ರತ್ಯೇಕ ಆಯೋಗ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಜನಸಂಖ್ಯೆಗೆ ತಕ್ಕ ಸ್ಥಾನ, ಹೆಂಗಸರಿಗೆ ಕನಿಷ್ಠ ಮೂರನೇ ಒಂದು. ಕರ್ನಾಟಕ ಅದನ್ನು ಆಮೇಲೆ ಅರ್ಧಕ್ಕೆ ಏರಿಸಿತು. ನಮ್ಮ ಅತ್ತಿಗೆ ಪಂಚಾಯಿತಿ ಮೆಂಬರ್ ಆದದ್ದು ಆ ಮೀಸಲಿನಿಂದ. ಮೊದಲ ಸಲ ಮೀಟಿಂಗಿಗೆ ಹೋಗುವಾಗ ಅಣ್ಣ ಜೊತೆಗೆ ಹೋಗಿದ್ದ, ಎರಡನೇ ಸಲ ಬೈಕಿನಲ್ಲಿ ಬಿಟ್ಟು ಬಂದ, ಮೂರನೇ ಸಲದಿಂದ ಅವರೇ ಬಸ್ಸು ಹತ್ತಿ ಹೋಗಿ ಬಂದರು.

ಬರೆದಿಟ್ಟ ಮಾತ್ರಕ್ಕೆ ಎಲ್ಲ ನಡೆಯುತ್ತದೆ ಅಂತಲೂ ಅಲ್ಲ. 2021ರಲ್ಲಿ ಅವಧಿ ಮುಗಿದ ನಮ್ಮ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಐದು ವರ್ಷ ಅಂತ ಸಂವಿಧಾನದಲ್ಲೇ ಇದ್ದರೂ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಪಕ್ಷಾಂತರ ತಡೆಯುವ 52ನೆಯದು 1985ರಲ್ಲಿ. ಮತ ಹಾಕುವ ವಯಸ್ಸು 21ರಿಂದ 18ಕ್ಕೆ ಇಳಿದದ್ದು 61ನೆಯದರಿಂದ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿದ್ದು 86ನೆಯದು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ 371ಜೆ ಬಂದದ್ದು 98ನೆಯದರಿಂದ. ಜಿಎಸ್‌ಟಿ 101ನೆಯದು, ನಾವು ಮಂಡಿಗೆ ಹಾಕುವ ಅಡಿಕೆಯ ಬಿಲ್ಲಿನಲ್ಲಿ ಶೇ 5 ಅಂತ ಕಾಣುವುದು ಅದರ ಫಲ. ನ್ಯಾಯಮೂರ್ತಿಗಳ ನೇಮಕಕ್ಕೆ ಆಯೋಗ ಮಾಡಿದ 99ನೆಯದನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಪೂರ್ತಿ ರದ್ದು ಮಾಡಿತು. ಆರ್ಥಿಕವಾಗಿ ಹಿಂದುಳಿದವರ ಶೇ 10 ಮೀಸಲಾತಿಯ 103ನೆಯದನ್ನು 2022ರಲ್ಲಿ 3–2ರಲ್ಲಿ ಎತ್ತಿಹಿಡಿಯಿತು. 106ನೆಯದು ಲೋಕಸಭೆ, ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಸ್ಥಾನ ಕೊಡುವುದು, 2023ರಲ್ಲಿ ಪಾಸಾಯಿತು. ಆದರೆ ಜನಗಣತಿ ಆಗಿ ಕ್ಷೇತ್ರ ಮರುವಿಂಗಡಣೆ ಆದಮೇಲೆ ಜಾರಿ ಅಂತ ಅದರೊಳಗೇ ಬರೆದಿದ್ದಾರೆ. ಇನ್ನು ನಮ್ಮ ಭೂಸುಧಾರಣೆಯನ್ನು ಕಾಪಾಡಿದ ಆ ಒಂಬತ್ತನೇ ಅನುಸೂಚಿಯ ಬಾಗಿಲನ್ನೂ ಕೋರ್ಟ್ ಸ್ವಲ್ಪ ತೆರೆದಿದೆ. 1973ರ ಏಪ್ರಿಲ್ 24ರ ನಂತರ ಅದರಲ್ಲಿ ಸೇರಿಸಿದ ಕಾನೂನುಗಳು ಮೂಲ ರಚನೆಗೆ ಧಕ್ಕೆ ತರುತ್ತವೆಯೇ ಅಂತ ನೋಡಬಹುದು ಅಂತ 2007ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು.

ಇದನ್ನೆಲ್ಲ ಬರೆದ ಮೇಲೆ ದೊಡ್ಡಪ್ಪನಿಗೆ ಓದಿ ಹೇಳಿದೆ. ಪಹಣಿಯ ಭಾಗ ಬಂದಾಗ ಸುಮ್ಮನೆ ಕೇಳಿಸಿಕೊಂಡರು. ಮೂಲ ರಚನೆಯ ಭಾಗ ಬಂದಾಗ "ಹಂಗಾದ್ರೆ ಅದೇ ಪುಸ್ತಕ ಅನ್ನು" ಅಂದರು. ಅಲ್ಲೇ ಕಾಫಿ ತಂದಿಟ್ಟ ಅತ್ತಿಗೆ ಹೊರಡದೆ ನಿಂತು ಕೇಳಿದರು: "ಅರಣ್ಯದ್ದು ಆ ಪಟ್ಟಿಯಿಂದ ವಾಪಸ್ ಈ ಪಟ್ಟಿಗೆ ತರಬೇಕಾದ್ರೆ ಏನು ಮಾಡಬೇಕು?"

ಏಳನೇ ಅನುಸೂಚಿಯಾದ್ದರಿಂದ ಲೋಕಸಭೆಯಲ್ಲಿ ವಿಶೇಷ ಬಹುಮತ, ಅಂದರೆ ಮೇಲೆ ಹೇಳಿದ ಆ ಎರಡು ಲೆಕ್ಕ, ಬೇಕು, ರಾಜ್ಯಸಭೆಯಲ್ಲಿ ವಿಶೇಷ ಬಹುಮತ ಬೇಕು, ಆಮೇಲೆ 28 ರಾಜ್ಯಗಳಲ್ಲಿ ಕನಿಷ್ಠ 14 ರಾಜ್ಯಗಳ ಒಪ್ಪಿಗೆ ಬೇಕು ಅಂತ ಹೇಳಿದೆ. ಹಾಗೆ ತಂದರೂ ಹಕ್ಕುಪತ್ರ ತಾನಾಗಿ ಬರುವುದಿಲ್ಲ, 1980ರ ಕಾಯ್ದೆಯ ಒಳಗೇ ಕೇಂದ್ರದ ಒಪ್ಪಿಗೆ ಪಡೆಯುವುದು ಅದಕ್ಕಿಂತ ಹತ್ತಿರದ ದಾರಿ ಅಂತಲೂ ಹೇಳಿದೆ.

ಅತ್ತಿಗೆ ಅದನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡರು. ತವರಿಗೆ ಹೋದಾಗ ಅಪ್ಪನಿಗೆ ತೋರಿಸಬೇಕಂತೆ.